ತಾವು ಬುರುಜಿನಿಂದ ಕೆಡವಿದ ನನ್ನ ಹೆಂಡತಿಯ ವಿಚಾರ

ಆದವಾನಿ, ಬಳ್ಳಾರಿ ಜಿಲ್ಲೆ
ಶ್ರಾವಣ ಮಾಸ, 1938

‘ವೀರ ಬಸಮ್ಮ’ ಎಂಬ ಐತಿಹಾಸಿಕ ಕಾದಂಬರಿಯ ಕರ್ತೃಗಳೂ, ಹಾಳು ಕೋಟೆಗಳ ಆಪ್ತಮಿತ್ರರೂ ಆದ ಧಾರವಾಡದ ಶ್ರೀಮಾನ್ ವಾಮನರಾಯರ ಸನ್ನಿಧಿಗೆ, ಆದವಾನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪ ನಾಲ್ಕು ಮಂದಿ ಓದಲೆಂದೇ ಬಹಿರಂಗವಾಗಿ ಮಾಡಿಕೊಳ್ಳುವ ವಿನಂತಿ.

ಮಾನ್ಯರೇ,

ಇಲ್ಲಿ ನಾವೆಲ್ಲರೂ ಕ್ಷೇಮ. ‘ಎಲ್ಲರೂ’ ಎಂಬ ಮಾತಿನಲ್ಲಿ ನನ್ನ ಹೆಂಡತಿ ವೀರಬಸಮ್ಮನೂ ಸೇರಿದ್ದಾಳೆಂಬುದನ್ನು ತಾವು ದಯಮಾಡಿ ಗಮನಿಸಬೇಕು. ಏಕೆಂದರೆ ತಮ್ಮ ಪುಸ್ತಕದ ಇನ್ನೂರ ಎಂಬತ್ತನೆಯ ಪುಟದಲ್ಲಿ ಆಕೆ ನಮ್ಮೂರ ಕೋಟೆಯ ಬುರುಜಿನಿಂದ ಧುಮುಕಿ ತೀರಿಕೊಂಡಿದ್ದಾಳೆ. ಆ ಪುಟವನ್ನು ನಾನು ಗಟ್ಟಿಯಾಗಿ ಓದುವಾಗ ಆಕೆ ಎದುರಿಗೇ ಕುಳಿತು ಶೇಂಗಾ ಸುಲಿಯುತ್ತಿದ್ದಳು.

ಹೋದ ವರ್ಷ ಮಾಘದಲ್ಲಿ ತಾವು ಸ್ಫೂರ್ತಿಯನ್ನು ಹುಡುಕಿಕೊಂಡು, ಬಳ್ಳಾರಿಯ ಸ್ನೇಹಿತರ ಚೀಟಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ದಯಮಾಡಿಸಿದ್ದು ನಮ್ಮ ಹಿಂದಿನ ಏಳು ಜನ್ಮದ ಪುಣ್ಯ. ಆಗ ಆಸ್ಪರಿ, ಹಾಲಹರವಿ ಕಡೆಯಿಂದ ಹತ್ತಿಯ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದುದರಿಂದ ನನಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ. ತಮ್ಮ ಜೊತೆ ಕೋಟೆಯ ಬೆಟ್ಟ ಹತ್ತಲಾಗಲಿಲ್ಲ. ಆ ತಪ್ಪು ನನ್ನದೇ, ಒಪ್ಪಿಕೊಂಡೆ. ತಾವು ಛತ್ರಿ, ದುರ್ಬೀನು, ಟಿಪ್ಪಣಿ ಬರೆಯುವ ದಪ್ಪ ಪುಸ್ತಕ ಇಷ್ಟನ್ನು ಹೊತ್ತು ಒಬ್ಬರೇ ಹತ್ತಿ, ಸಂಜೆ ಇಳಿದು ಬಂದು, ಗತಕಾಲವನ್ನು ಧ್ಯಾನಿಸುತ್ತ ಕಣ್ಣು ಮುಚ್ಚಿಕೊಂಡೇ ಊಟ ಮಾಡುತ್ತಿದ್ದಿರಿ. ಆ ಮೂರು ದಿನವೂ ತಮಗೆ ಬಿಸಿ ರೊಟ್ಟಿ ಬಡಿದು, ಬದನೆಕಾಯಿ ಎಣಗಾಯಿ ಬಡಿಸಿದವಳು ಇದೇ ವೀರಬಸಮ್ಮ. ‘ತಾಯಿ’ ಎಂದು ಕರೆದು ನಾಲ್ಕನೆಯ ರೊಟ್ಟಿ ಕೇಳಿದಿರೇ ಹೊರತು ತಾವು ಆಕೆಯ ಹೆಸರು ಕೇಳಲಿಲ್ಲ. ಇರಲಿ ಬಿಡಿ, ನಾನೂರು ವರ್ಷ ಹಿಂದೆ ಹೋದವರಿಗೆ ಪಕ್ಕದ ಅಡುಗೆಮನೆ ದೂರವೇ ಆಗುತ್ತದೆ.

ಬೆಟ್ಟದ ಮೇಲಿನ ಈಶ್ವರನ ಗುಡಿಯ ಹೊಸ್ತಿಲ ಮುಂದೆ, ನೆಲದಲ್ಲಿ, ಉದ್ದಕ್ಕೂ ಬಿದ್ದ ಹೆಂಗಸಿನ ಆಕೃತಿಯುಳ್ಳ ಹಾಸುಗಲ್ಲೊಂದು ತಮ್ಮ ಕಣ್ಣಿಗೆ ಬಿತ್ತು. ಕೆಳಗೆ ‘ವೀರಬಸಮ್ಮನ ಸೇವೆ’ ಎಂದು ಬರೆದಿದ್ದು, ಮಂದಿ ತುಳಿದೂ ತುಳಿದೂ ‘ಸೇವೆ’ ಸವೆದಿತ್ತು. ಉಳಿದ ಹೆಸರನ್ನು ತಾವು ‘ವೀರ’ ಬೇರೆ, ‘ಬಸಮ್ಮ’ ಬೇರೆ ಎಂದು ಎರಡು ತುಂಡು ಮಾಡಿ, ಇದು ವೀರಗಲ್ಲೇ ಸೈ, ಬಿದ್ದ ಹೆಂಗಸು ಬುರುಜಿನಿಂದ ಹಾರಿದವಳೇ ಸೈ ಎಂದು ತೀರ್ಮಾನಿಸಿದಿರಲ್ಲ, ಅಬ್ಬಬ್ಬಾ, ಆ ವಿದ್ವತ್ತಿಗೆ ಏನು ಕೊಟ್ಟರೂ ಕಡಿಮೆಯೇ! ಆಕೆಯ ಮೂಗುತಿಯೊಂದನ್ನೇ ನೋಡಿ ವಿಜಯನಗರದ ಕಾಲವೆಂದು ಮುನ್ನುಡಿಯಲ್ಲಿ ಸಾಧಿಸಿ ತೋರಿಸಿದ್ದೀರಿ. ಏಳು ವರ್ಷದ ಹಿಂದೆ ಆ ಕಲ್ಲನ್ನು ಕೆತ್ತಿದ ನಮ್ಮೂರ ಕಲ್ಲುಕುಟಿಗ ಜಂಬಪ್ಪನಿಗೆ ಅದನ್ನು ಓದಿ ಹೇಳಿದೆ. “ಅದು ಮೂಗುತಿ ಅಲ್ರಿ ಸಾವಕಾರ್ರ, ಉಳಿ ಜಾರಿತ್ರಿ. ಅಮ್ಮಾರಿಗೆ ಹೇಳಬ್ಯಾಡ್ರಿ ಮತ್ತ,” ಎಂದು ಅವನು ನಾಚಿಕೊಂಡ.

ಕಾದಂಬರಿಯಲ್ಲಿ ಆ ವೀರಾಂಗನೆಗೆ ಹೆಸರೇ ಇಲ್ಲದ ಒಬ್ಬ ಹೇಡಿ ಗಂಡನಿದ್ದು, ಅವನು ಶತ್ರುಗಳಿಗೆ ಕೋಟೆಯ ಬಾಗಿಲು ತೆರೆಯುತ್ತಾನೆ. ಈಗ ನಾನು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೂ ಎದುರು ಅಂಗಡಿಯವರು ಮುಸಿಮುಸಿ ನಗುತ್ತಾರೆ. ಅದನ್ನು ನಾನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಹೊಟ್ಟೆಗೆ ಹಾಕಿಕೊಳ್ಳಲಾಗದ್ದು ಬೇರೆಯೇ ಇದೆ. ನಮ್ಮ ಕಡೆ ದೊಡ್ಡ ಹರಕೆ ಹೊತ್ತವರು ದೇವರಿಗೆ ಅಡ್ಡಬಿದ್ದ ತಮ್ಮದೇ ಆಕೃತಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಹೊಸ್ತಿಲ ಮುಂದೆ ಹಾಕಿಸುವುದುಂಟು; ಬಂದು ಹೋಗುವ ಭಕ್ತರೆಲ್ಲರ ಪಾದ ತಮ್ಮ ಮೇಲೆ ಬೀಳಲಿ ಎಂಬುದೇ ಅದರ ಉದ್ದೇಶ. ಏಳು ವರ್ಷದ ಹಿಂದೆ ವಿಷಮಶೀತ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದವನನ್ನು ಡಾಕ್ಟರರೂ ಕೈಬಿಟ್ಟಾಗ, ವೀರಬಸಮ್ಮ ಬರಿಗಾಲಲ್ಲಿ ಬೆಟ್ಟ ಹತ್ತಿ ಹೊತ್ತ ಹರಕೆ ಅದು. ಹಾಗೆ ಮಲಗಿದ್ದವನು ನಾನೇ. ಈ ಕಾಗದ ಬರೆಯುತ್ತಿರುವ ಕೈ ಆ ಹರಕೆಯಿಂದ ಉಳಿದ ಕೈ.

ತಮ್ಮ ಪುಸ್ತಕ ಓದಿದ ಮೇಲೆ ನಮ್ಮೂರಿಗೂ ಇತಿಹಾಸದ ಹುಚ್ಚು ಹಿಡಿದು, ‘ವೀರ ಬಸಮ್ಮ ಸ್ಮಾರಕ ಸಮಿತಿ’ ಹುಟ್ಟಿತು. ವಕೀಲಿ ಬಿಟ್ಟು ಮನೆಯಲ್ಲಿರುವ ಸೋಮಶೇಖರಪ್ಪನವರು ಅದರ ಅಧ್ಯಕ್ಷರು. ಅವರು ಮೊದಲು ಕಲ್ಲಿನ ಸುತ್ತ ಕಬ್ಬಿಣದ ಸರಳು ನೆಟ್ಟು ಯಾರೂ ತುಳಿಯದಂತೆ ಮಾಡಿದರು. ಬರುವ ಸೋಮವಾರ ಅದನ್ನು ಕಿತ್ತು ತಂದು ವಾಚನಾಲಯದಲ್ಲಿ ನೆಟ್ಟಗೆ ನಿಲ್ಲಿಸಿ, ತಮ್ಮನ್ನೇ ಕರೆಸಿ ತಮ್ಮ ಅಮೃತಹಸ್ತದಿಂದ ಹಾರ ಹಾಕಿಸಲಿದ್ದಾರೆ. ನಾನು ಹೆಂಡತಿಯನ್ನೇ ಕರೆದುಕೊಂಡು ಹೋಗಿ, ಇಗೋ ಸ್ವಾಮಿ, ಸತ್ತವಳು ಇವಳೇ, ನೋಡಿಕೊಳ್ಳಿ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಆಕೆಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, “ಈ ಅಮ್ಮ ಬ್ಯಾರೆ, ಆ ಅಮ್ಮ ಬ್ಯಾರೆ. ಪುಸ್ತಕದಾಗ ಅಚ್ಚಾಗೈತಲ್ಲಪ್ಪಾ, ಇಂಕೇಮಿ, ಇನ್ನೇನು ಬೇಕು?” ಎಂದರು.

ಮನೆಗೆ ಬಂದು ಆಕೆ ಒಲೆ ಮುಂದೆ ಕುಳಿತಳು. “ನಿಮ್ಮನ್ನ ಉಳಿಸಿಕೊಟ್ರ ಊರ ಮಂದಿ ಕಾಲಾಗ ಬಿದ್ದಿರ್ತೀನಿ ಅಂತ ಆ ಶಿವಗ ಮಾತು ಕೊಟ್ಟೀನಿ. ಈಗ ಎಬ್ಬಿಸಿ ನಿಂದ್ರಿಸಿ ಹಾರ ಹಾಕಿದ್ರ ಮಾತು ತಪ್ಪಿದಂಗ ಆಗಲ್ಲೇನು? ನಿಮಗೇನಾರ ಆದ್ರ ನಾ ಯಾರನ್ನ ಕೇಳಲಿ?” ಎಂದಳು. ನಾನು ಹರಕೆ ಗಿರಕೆಗೆ ಅಷ್ಟಾಗಿ ಅಂಜುವವನಲ್ಲ, ರಾಯರೇ. ಆದರೆ ಆಕೆ ಅಂಜಿದ್ದು ನೋಡಿ ನನಗೆ ಅಳು ಬಂತು. ಅಂದಿನಿಂದ ಆಕೆ ಒಪ್ಪೊತ್ತು ಉಣ್ಣುತ್ತಿದ್ದಾಳೆ.

ಆದಕಾರಣ ತಮ್ಮಲ್ಲಿ ಬೇಡುವುದಿಷ್ಟೇ. ಎರಡನೆಯ ಮುದ್ರಣದಲ್ಲಿ ಆಕೆ ಧುಮುಕುವ ಹೊತ್ತಿಗೆ ಬುರುಜಿನ ಕೆಳಗೆ ಹತ್ತಿ ತುಂಬಿದ ಮೂಟೆಗಳನ್ನು, ಅಂಡಿಗೆಗಳನ್ನು ಜೋಡಿಸಿಟ್ಟಿರಬೇಕು. ಎಷ್ಟು ಅಂಡಿಗೆ ಬೇಕಾದರೂ ನಮ್ಮ ಅಂಗಡಿಯಿಂದ ಕಳಿಸಿಕೊಡುತ್ತೇನೆ, ಬೇಕಾದರೆ ವಿಜಯನಗರದ ಕಾಲದ ಹತ್ತಿಯೇ ಎಂದು ಬರೆದೂ ಕೊಡುತ್ತೇನೆ. ಗಂಡ ಬಾಗಿಲು ತೆರೆಯಲಿಲ್ಲ, ಜ್ವರ ಬಂದು ಮಲಗಿದ್ದ ಎಂದು ತಿದ್ದಬೇಕು. ಇಷ್ಟು ಮಾಡಿದರೆ ಕಲೆಗೆ ಭಂಗ ಬರುತ್ತದೆಂದಾದರೆ ಎಲ್ಲವನ್ನೂ ಬಿಟ್ಟು, ‘ಹೆಂಗಸು ಬದುಕಿದ್ದಾಳೆ, ಕಲ್ಲು ಇದ್ದಲ್ಲೇ ಇರಲಿ’ ಎಂಬ ಒಂದು ಸಾಲನ್ನು ಕಾರ್ಡಿನಲ್ಲಿ ಬರೆದು ಸಮಿತಿಗೆ ಕಳಿಸಿ. ಇನ್ನೂರ ಎಂಬತ್ತು ಪುಟ ಬರೆದ ಕೈಗೆ ಒಂದು ಸಾಲು ಭಾರವಾಗಲಾರದು.

ತಮ್ಮ ಲೇಖನಿ ಸದಾ ಹರಿಯಲಿ, ಆದರೆ ನಮ್ಮ ಓಣಿಯಲ್ಲಿ ಬೇಡ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಕೊಟ್ರಬಸಪ್ಪ
(ತಮ್ಮ ಕಾದಂಬರಿಯ ಹೇಡಿ ಗಂಡ)

ಆಮೇಲೆ ಸೇರಿಸಿದ ಮಾತು: ಕಾಗದವನ್ನು ಟಪಾಲಿಗೆ ಹಾಕುವಷ್ಟರಲ್ಲಿ ಸುದ್ದಿ ಬಂತು. ಸಮಿತಿಯವರು ಸೋಮವಾರದ ತನಕ ಕಾಯದೆ, ತೊಳೆದು ಹೊಳಪು ಕೊಡಬೇಕೆಂದು ಇಂದು ಬೆಳಿಗ್ಗೆಯೇ ಕಲ್ಲನ್ನು ಕಿತ್ತಿದ್ದಾರೆ. ಬೆಟ್ಟದ ಗುಡಿಗೆ ಓಡಿ ಬಂದು ನೋಡಿದರೆ, ಕಲ್ಲು ಕಿತ್ತ ಗುಂಡಿಯಲ್ಲಿ ವೀರಬಸಮ್ಮ ತಾನೇ ಉದ್ದಕ್ಕೂ ಬಿದ್ದುಕೊಂಡಿದ್ದಾಳೆ. “ಕಲ್ಲು ತಂದು ಹಾಕ್ರಿ, ಏಳ್ತೀನಿ. ಇಲ್ಲಾಂದ್ರ ನನ್ನ ಮ್ಯಾಲೇ ತುಳಕೊಂಡು ಒಳಗ ಹೋಗ್ರಿ,” ಎನ್ನುತ್ತಾಳೆ. ಕಾಯಿ, ಹೂವು ಹಿಡಿದ ಮಂದಿ ಹೊರಗೇ ನಿಂತಿದ್ದಾರೆ. ಸೋಮಶೇಖರಪ್ಪನವರು “ಲೇವಮ್ಮಾ, ಲೇ, ಎದ್ದೇಳಮ್ಮಾ” ಎಂದು ಬೇಡಿಕೊಂಡು ಸಾಕಾಗಿ, ಕೊನೆಗೆ ಗ್ರಂಥಕರ್ತರೇ ಬಂದು ಹೇಳಲಿ ಎಂದಿದ್ದಾರೆ. ಆಕೆಯ ಪಕ್ಕದಲ್ಲೇ ಕುಳಿತು ಇಷ್ಟು ಬರೆದಿದ್ದೇನೆ. ಸಿಕ್ಕಿದ ಗಾಡಿ ಹಿಡಿದು ಬನ್ನಿ. ಹಾರ ತರಬೇಡಿ, ಭಾಷಣ ತರಬೇಡಿ, ಬಂದು ಪಾದ ಇಟ್ಟರೆ ಸಾಕು. ಕಲ್ಲಿನ ಮೇಲೋ ನನ್ನ ಹೆಂಡತಿಯ ಮೇಲೋ ತಾವೇ ಆರಿಸಿಕೊಳ್ಳಿ. ತಮ್ಮ ಹೆಸರಿನವನು ಹಿಂದೊಮ್ಮೆ ಮೂರು ಹೆಜ್ಜೆ ಕೇಳಿದ್ದನಂತೆ. ನಾವು ಕೇಳುವುದು ಒಂದೇ.