ಮಾವನವರ ಭಾನುವಾರದ ಕಣ್ಣು

ನಮ್ಮ ಮಾವನವರಿಗೆ ಎರಡು ಕಣ್ಣುಗಳಿದ್ದವು ಎಂಬ ಸಂಗತಿ ನನಗೆ ಗೊತ್ತಾದದ್ದು ಮದುವೆಯಾಗಿ ನಾಲ್ಕು ತಿಂಗಳಾದ ಮೇಲೆ! ನಗಬೇಡಿ. ನಾನು ಕ್ಯಾಸಂಬಳ್ಳಿ ಕಡೆಯ ಹಳ್ಳಿ ಹುಡುಗಿ, ಮಾವನವರ ಮುಖವನ್ನು ನೆಟ್ಟಗೆ ನೋಡುವ ಧೈರ್ಯ ಎಲ್ಲಿಂದ ಬರಬೇಕು? ವಾರದ ಆರು ದಿನ ಅವರು ಬೆಳಕು ಹರಿಯುವ ಮೊದಲೇ ನಂದಿದುರ್ಗ ಚಿನ್ನದ ಗಣಿಯ ಲ್ಯಾಂಪ್ ರೂಮಿಗೆ, ಅಂದರೆ ಪಾತಾಳಕ್ಕಿಳಿಯುವವರ ದೀಪಗಳನ್ನು ರಿಪೇರಿ ಮಾಡುವ ಕೋಣೆಗೆ, ಹೊರಟುಬಿಡುತ್ತಿದ್ದರು. ಉಳಿದ ಒಂದು ದಿನ, ಭಾನುವಾರ, ಆಂಡರ್ಸನ್‌ಪೇಟೆಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ಹಿತ್ತಾಳೆ ಕೊಳವೆಗೆ ಬಲಗಣ್ಣು ಅಂಟಿಸಿ, ಎಡಗಣ್ಣು ಮುಚ್ಚಿ ಕೂತಿರುತ್ತಿದ್ದರು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಮುಚ್ಚಿದ ಆ ಎಡಗಣ್ಣೊಂದೇ. ಪಾಪ, ಗಣಿಯಲ್ಲಿ ಏನೋ ಆಗಿ ಒಂದು ಕಣ್ಣು ಹೋಗಿದೆ, ಮದುವೆ ಮಾತುಕತೆಯಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆ ಎಂದು ನಾನು ತವರಿಗೆ ಕಾಗದ ಕೂಡ ಬರೆಸಿದ್ದೆ!

ಆ ಕೊಳವೆ ಸೂಕ್ಷ್ಮದರ್ಶಕ. ಮಾವನವರು ಅದನ್ನು ‘ಮೈಕ್ರಾಸ್ಕೋಪು’ ಎನ್ನುತ್ತಿದ್ದರು, ಬೀದಿಯವರು ‘ದುರ್ಬೀನು’ ಎನ್ನುತ್ತಿದ್ದರು, ನಮ್ಮತ್ತೆ ಮಾತ್ರ ‘ನನ್ನ ಮಂಚ’ ಎನ್ನುತ್ತಿದ್ದರು. ಅದಕ್ಕೊಂದು ಕಥೆಯಿದೆ. ಸ್ವಾತಂತ್ರ್ಯ ಬಂದ ಮೇಲೆ ಗಣಿಯ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಕಾಲವದು. ಒಬ್ಬ ದೊರೆ ಹೊರಟನೆಂದರೆ ಅವನ ಬಂಗಲೆಯ ಸಾಮಾನೆಲ್ಲ ಹರಾಜು. ಅತ್ತೆಗೆ ಸೊಂಟನೋವು. ನೆಲದ ಥಂಡಿ ಆಗುವುದಿಲ್ಲ, ದೊರೆಸಾನಿ ಮಲಗಿದ ಮಂಚ ಸಿಕ್ಕರೆ ತನ್ನಿ ಎಂದು ಕಳಿಸಿದರಂತೆ. ಮಾವನವರು ಸಂಜೆ ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಬಂದರು.

“ಮಂಚ ಎಲ್ಲಿ?” ಎಂದರು ಅತ್ತೆ.

“ಮಂಚದ ಮೇಲೆ ಮಲಗಿದ್ರೆ ಕಣ್ಣು ಮುಚ್ಕೊಂತವೆ ಕಣೇ. ಇದು ಕಣ್ಣು ತೆರೆಸ್ತೈತೆ” ಎಂದರು ಮಾವ.

ಅತ್ತೆ ಬದುಕಿದ್ದಷ್ಟು ದಿನವೂ ಚಾಪೆಯ ಮೇಲೇ ಮಲಗಿದರು. ಭಾನುವಾರ ಯಾರಾದರೂ ಮಾವನವರನ್ನು ಕೇಳಿಕೊಂಡು ಬಂದರೆ, “ಅಗೋ, ನನ್ ಮಂಚದ ಮುಂದೆ ಕುಂತವ್ರೆ, ಓಗಿ ಮಾತಾಡ್ಸಿ” ಎಂದು ಕೈ ತೋರಿಸುತ್ತಿದ್ದರು.

ನಯಾಪೈಸೆ ಬಂದ ಹೊಸತರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಯಂತ್ರಕ್ಕೆ ಆಗಲೇ ವಯಸ್ಸಾಗಿತ್ತು. ಕೊಳವೆಯನ್ನು ಏರಿಸಿ ಇಳಿಸುವ ಹಲ್ಲುಚಕ್ರ ಸವೆದು, ಕೊಳವೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮಾವನವರು ಅತ್ಯುತ್ಸಾಹದಿಂದ ಏನನ್ನೋ ನೋಡುತ್ತಿರುವಾಗಲೇ ಆ ಏನೋ ಮಬ್ಬಾಗಿ ಮಾಯ! ಹಳೆಯ ಜಿಡ್ಡೆಲ್ಲ ಒಣಗಿದೆ, ಅದೇ ಕಾರಣ ಎಂದು ತೀರ್ಮಾನಿಸಿ ಒಂದು ವಾರ ಹರಳೆಣ್ಣೆ ಹಾಕಿದರು. ಮುಂದಿನ ವಾರ ತುಪ್ಪ ಹಾಕಿದರು. ಮೂರನೇ ವಾರ ಪೆಟ್ಟಿಗೆ ತೆರೆದರೆ ಒಳಗೆ ಇರುವೆಗಳ ಸಾಲು. ಅತ್ತೆ ತುಪ್ಪದ ಲೆಕ್ಕ ಕೇಳಲು ಬಂದರೆ ಮಾವನವರು ಆಗಲೇ ಒಂದು ಇರುವೆಯನ್ನು ಗಾಜಿನ ಮೇಲೆ ಮಲಗಿಸಿ ಅದರ ಮೊಣಕಾಲು ನೋಡುತ್ತಿದ್ದರು. ಕೊನೆಗೆ ಲ್ಯಾಂಪ್ ರೂಮಿನ ಬುದ್ಧಿಯನ್ನೇ ಓಡಿಸಿ, ಸೈಕಲ್ ಟ್ಯೂಬಿನ ತೆಳುವಾದ ಪಟ್ಟಿಯೊಂದನ್ನು ಕೊಳವೆಗೆ ಬಿಗಿದರು. ಅದೇ ಟ್ಯೂಬಿನ ಮೂರು ತುಂಡು ಯಂತ್ರದ ಕಾಲಡಿಗೂ ಹೋದವು. ನಮ್ಮೂರಿನಲ್ಲಿ ನೆಲದಡಿ ಬಂಡೆ ಸಿಡಿದರೆ ಮೇಲೆ ಅಟ್ಟದ ಪಾತ್ರೆಗಳು ಕುಣಿಯುತ್ತವೆ. ಅದರ ನಡುಕ ಯಂತ್ರಕ್ಕೆ ತಟ್ಟಬಾರದಲ್ಲ!

ಇನ್ನು ಧೂಳು. ಗಾಳಿ ಬೀಸಿತೆಂದರೆ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದ ಸೈನೈಡ್ ದಿಬ್ಬದ ಬೂದುಬಣ್ಣದ ಧೂಳು ಇಡೀ ಊರಿನ ಅನ್ನದೊಳಗೆ ಬೀಳುತ್ತಿತ್ತು. ಅನ್ನದ ವಿಚಾರದಲ್ಲಿ ಮಾವನವರು ಉದಾರಿ, ಮಸೂರದ ವಿಚಾರದಲ್ಲಿ ಅಲ್ಲ. ಬಾಯಿಂದ ಊದಬಾರದು, ಉಗುಳು ಹಾರುತ್ತದೆ. ಬೆರಳು ತಾಕಿಸಬಾರದು, ಜಿಡ್ಡು ಕೂರುತ್ತದೆ. ಒರೆಸುವ ಬಟ್ಟೆ ಇಪ್ಪತ್ತು ವರ್ಷ ಒಗೆದು ಮೆತ್ತಗಾದ ಹತ್ತಿಯದೇ ಆಗಬೇಕು. ಇಪ್ಪತ್ತು ವರ್ಷ ಒಗೆದ ಹತ್ತಿ ಮನೆಯಲ್ಲಿ ಯಾವುದಿದೆ? ಅತ್ತೆಯ ಊದಾ ಸೀರೆ. ಅದರ ಸೆರಗಿನಲ್ಲಿ ಅಂಗೈಯಗಲದ ಚೌಕವೊಂದು ಕಾಣೆಯಾಗಿರುವುದು ಅತ್ತೆಗೆ ತಿಳಿದದ್ದು ಬಂಗಾರಪೇಟೆಯ ನಾಮಕರಣವೊಂದರಲ್ಲಿ, ಹೆಂಗಸರೆಲ್ಲರ ನಡುವೆ ಸೆರಗು ಹೊದ್ದುಕೊಂಡಾಗ! ವಾಪಸು ಬರುವಾಗ ರೈಲಿನಲ್ಲಿ ಆಕೆ ಗಂಡನ ಜೊತೆ ಒಂದು ಮಾತೂ ಆಡಲಿಲ್ಲವಂತೆ. ಮಾವನವರು ಅದನ್ನು ಸಮ್ಮತಿ ಎಂದು ತಿಳಿದು ಇನ್ನೊಂದು ಚೌಕ ಕತ್ತರಿಸಿದರು.

ಆಗೆಲ್ಲ ಅವರದು ಎಷ್ಟು ಧಾರಾಳ ಮನಸ್ಸು ಅಂತೀರಿ! ಕಂಡವರನ್ನೆಲ್ಲ ಕೈಹಿಡಿದು ಜಗಲಿಗೆ ಎಳೆದು ತರುತ್ತಿದ್ದರು. ಹಾಲಿನವನು ಬಂದರೆ ಹಾಲಿನ ಹನಿ, ಅಂಚೆಯವನು ಬಂದರೆ ಅಂಚೆಚೀಟಿಯ ಮೂಲೆ. ಒಮ್ಮೆ ಗಣಿಯ ಕಾವಲುಗಾರನೊಬ್ಬನಿಗೆ ಗುಮಾನಿ ಬಂತು. ಚಿನ್ನದ ಊರಿನಲ್ಲಿ ಒಬ್ಬ ಮನುಷ್ಯ ವಾರವಾರವೂ ಬಗ್ಗಿ ಕೂತು ಏನನ್ನೋ ಪರೀಕ್ಷಿಸುತ್ತಾನೆಂದರೆ ಕದ್ದ ಅದಿರೇ ಇರಬೇಕಲ್ಲವೇ? ಲಾಠಿ ಹಿಡಿದು ಬಂದ. ಮಾವನವರು ಅವನ ಮೀಸೆಯಿಂದ ಒಂದು ಕೂದಲು ಕಿತ್ತು ಗಾಜಿನ ಮೇಲಿಟ್ಟು, ಯಂತ್ರದ ಬುಡದ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, “ನೋಡಪ್ಪ” ಎಂದರು. ಅವನು ನೋಡಿದ. ಬಹಳ ಹೊತ್ತು ನೋಡಿದ. “ಪನೈಮರಂ ಮಾದಿರಿ ಇರುಕ್ಕು ಸಾರ್” ಎಂದ ತಮಿಳಿನಲ್ಲಿ, ತಾಳೆಮರದಂತಿದೆ ಎಂದು. ಅಂದಿನಿಂದ ಮೀಸೆ ತಿರುವುವಾಗ ಅವನ ಗತ್ತೇ ಬೇರೆಯಾಯಿತು.

ನನ್ನನ್ನೂ ಕರೆದರು. ನೇರವಾಗಿ ಅಲ್ಲ, ಸೊಸೆಯನ್ನು ಹಾಗೆ ಕರೆಯುವುದುಂಟೇ? “ಅವ್ಳೂ ಒಂದ್ಕಿತ ನೋಡ್ಲಿ, ಕರ್ಕೊಂಬಾರೇ” ಎಂದು ಅತ್ತೆಯ ಮೂಲಕ. ಮಾವನವರ ಪಕ್ಕದಲ್ಲಿ ಬೀದಿಗೆ ಕಾಣುವಂತೆ ಬಗ್ಗಿ ನಿಲ್ಲುವುದೆಂದರೆ ನನಗೆ ಪ್ರಾಣ ಹೋದಂತೆ. ಒಲೆಯ ಮೇಲೆ ಸಾರಿದೆ ಎಂದೆ. ಮುಂದಿನ ವಾರ ರಾಗಿ ಬೀಸಬೇಕು ಎಂದೆ. ಹೀಗೆ ಎಷ್ಟು ಭಾನುವಾರ ತಪ್ಪಿಸಿಕೊಂಡೆನೋ! ಅಡುಗೆಮನೆಯಲ್ಲೇ ನಿಂತು ಅವರ ವರದಿ ಕೇಳುತ್ತಿದ್ದೆ. ಹುಲ್ಲು ನೆನೆಹಾಕಿದ ನೀರಿನ ಹನಿಯೊಂದನ್ನು ಇಟ್ಟುಕೊಂಡು, ಅದರೊಳಗೆ ಓಡಾಡುವ ಬರಿಗಣ್ಣಿಗೆ ಕಾಣದ ಜೀವಿಗಳ ಬಗ್ಗೆ ಅವರು ಕೂಗಿ ಹೇಳುವುದು ಬಹಳ ಚುಟುಕು. “ಎರಡು. ಚಪ್ಪಲಿ ಆಕಾರ. ಎಡಕ್ಕೋಯ್ತು.” ಅಷ್ಟೇ.

ಆ ವರ್ಷದ ಆಯುಧಪೂಜೆ ಬಂತು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಗಣಿಯ ಯಂತ್ರದಿಂದ ಹಿಡಿದು ಮನೆಯ ಈಳಿಗೆಮಣೆಯವರೆಗೆ ಎಲ್ಲಕ್ಕೂ ಕುಂಕುಮ. ಮಾವನವರು ಲ್ಯಾಂಪ್ ರೂಮಿನ ಪೂಜೆಗೆ ಹೊರಡುವಾಗ, ಈ ಸಲ ಮೈಕ್ರಾಸ್ಕೋಪನ್ನೂ ಪೂಜೆಗೆ ಇಡಿ ಎಂದು ಅತ್ತೆಗೆ ಹೇಳಿಹೋದರು. ಅತ್ತೆ ಮನೆಯ ಹಿತ್ತಾಳೆಯನ್ನೆಲ್ಲ ಬೆಳಗಿಡು ಎಂದು ನನಗೆ ಹೇಳಿ ಹೂ ತರಲು ಹೋದರು. ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಇಟ್ಟಿಗೆಪುಡಿ, ತೆಂಗಿನ ನಾರು ಇಟ್ಟುಕೊಂಡು ಕೊಳಗ ಬೆಳಗಿದೆ, ದೀಪ ಬೆಳಗಿದೆ, ತಂಬಿಗೆ ಬೆಳಗಿದೆ. ಆಮೇಲೆ ಆ ಪೆಟ್ಟಿಗೆ ತೆರೆದೆ.

ಹೊಸ ಸೊಸೆ ನಾನು. ಹಿತ್ತಾಳೆ ಬೆಳಗುವುದರಲ್ಲಿ ನಮ್ಮೂರಿಗೇ ಹೆಸರಾದವಳು. ಅದರ ಮೈಮೇಲೆ ಕಂದುಬಣ್ಣದ ಮೆರುಗೆಣ್ಣೆಯ ಲೇಪವಿತ್ತು, ಕೊಳೆಯೆಂದುಕೊಂಡೆ. ತಿರುಗಿದ್ದನ್ನೆಲ್ಲ ತಿರುಗಿಸಿ ಬಿಚ್ಚಿ, ಹುಣಸೆನೀರಿನಲ್ಲಿ ನೆನೆಹಾಕಿ, ಸಂದುಗೊಂದು ಬಿಡದೆ ಉಜ್ಜಿದೆ. ತುದಿಯ ಪುಟ್ಟ ಗಾಜುಗಳನ್ನೂ ಬಿಡಲಿಲ್ಲ. ಇಟ್ಟಿಗೆಪುಡಿ ಹಾಕಿ ಹೆಬ್ಬೆರಳಿನಲ್ಲಿ ಗರಗರ ತಿಕ್ಕಿದೆ. ಬಿಸಿಲಿಗೆ ಒಣಗಿಸಿ, ಬಿಚ್ಚಿದ ಹಾಗೆಯೇ ಜೋಡಿಸಿಟ್ಟೆ. ಹೊಳಪು ನೋಡಬೇಕಿತ್ತು ನೀವು! ಚಿನ್ನದ ಗಣಿಯ ಊರಿನಲ್ಲಿದ್ದೂ ಚೂರು ಚಿನ್ನ ಕಾಣದ ಮನೆಗೆ ಕೊನೆಗೂ ಚಿನ್ನ ಬಂತು ಎನ್ನಿಸಿತು. ಅತ್ತೆ ಬಂದು ಸೇವಂತಿಗೆ ಮುಡಿಸಿ, ಅರಿಶಿನ ಕುಂಕುಮ ಇಟ್ಟರು.

ಮಧ್ಯಾಹ್ನ ಮಾವನವರು ಬಂದರು. ಬಾಗಿಲಲ್ಲೇ ನಿಂತರು. ಆಮೇಲೆ ಮೆಲ್ಲಗೆ ಹೂ ತೆಗೆದಿಟ್ಟು ಕೂತು ಕಣ್ಣಿಟ್ಟರು. ಕನ್ನಡಿ ತಿರುಗಿಸಿದರು. ಕೊಳವೆ ಏರಿಸಿದರು, ಇಳಿಸಿದರು. ಆ ದಿನ ಅವರು ಎಷ್ಟು ಹೊತ್ತು ಹಾಗೆ ಕೂತಿದ್ದರೆಂದರೆ ಎಲೆಯ ಮೇಲಿನ ಪಾಯಸ ಆರಿಹೋಯಿತು. ಬಾಗಿಲ ಸಂದಿಯಲ್ಲಿ ನಾನು ಹೊಗಳಿಕೆಗೆ ಕಾಯುತ್ತಿದ್ದೆ.

“ಯಾರು ತೊಳ್ದಿದ್ದು?” ಎಂದರು.

“ನಮ್ಮ ಅಮ್ಮಣ್ಣಿ. ಯಾಕೆ, ಏನಾತು?” ಎಂದರು ಅತ್ತೆ. ಅತ್ತೆಯ ನಾಲಿಗೆ ಎಂಥದೆಂದು ಇಡೀ ಬೀದಿಗೆ ಗೊತ್ತಿತ್ತು. ಒಂದು ತಪ್ಪು ಸಿಕ್ಕರೆ ಒಂದು ವರ್ಷ ಬಿಡುವವರಲ್ಲ.

ಮಾವನವರು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. “ಏನಿಲ್ಲ ಕಣೇ. ಮೊದ್ಲಿಗಿಂತ ಸೊಗಸಾಗಿ ಕಾಣ್ತೈತೆ” ಎಂದರು.

ನನ್ನ ಜಂಬ ಏನು ಕೇಳುತ್ತೀರಿ! ತವರಿಗೆ ಹೋದಾಗ ಹೇಳಿದೆ, ನೀರಿಗೆ ಹೋದಾಗ ಹೇಳಿದೆ, ಗಂಡನಿಗೆ ಬೇಸರ ಬರುವಷ್ಟು ಸಲ ಹೇಳಿದೆ. ಪ್ರತಿ ವರ್ಷ ಹಬ್ಬ ಬಂದಾಗ ಹುಣಸೆಹಣ್ಣು ಕಿವುಚಿ ಸಿದ್ಧಳಾಗಿ ನಿಲ್ಲುತ್ತಿದ್ದೆ. ಮಾವನವರು ಮಾತ್ರ, ಬೇಡ, ಹುಡುಗಿಯ ಕೈ ನೋಯುತ್ತದೆ, ನಾನೇ ತೊಳೆಯುತ್ತೇನೆ ಎಂದು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದರು. ಎಂಥ ಮಮತೆ ಎಂದು ನಾನು ಉಬ್ಬುತ್ತಿದ್ದೆ.

ಅಲ್ಲಿಂದೀಚೆಗೆ ಅವರ ಸ್ವಭಾವವೇ ಬದಲಾಯಿತು. ಅಷ್ಟು ಧಾರಾಳಿ ಒಮ್ಮೆಗೇ ಜಿಪುಣರಾದರು. ಯಾರಿಗೂ ನೋಡಲು ಬಿಡರು. ಹಾಲಿನವನು ಕೇಳಿದರೆ ಇವತ್ತು ಬೆಳಕು ಸರಿಯಿಲ್ಲ ಎನ್ನುವರು, ಕಾವಲುಗಾರ ಮೀಸೆ ಹಿಡಿದು ಬಂದರೆ ಇನ್ನೊಮ್ಮೆ ನೋಡೋಣ ಎನ್ನುವರು. ನನ್ನನ್ನು ಕರೆಯುವುದೂ ನಿಂತಿತು. ಒಲೆ, ಬೀಸುಕಲ್ಲು ಎಂದು ನೆಪ ಹುಡುಕುವ ಕಷ್ಟ ತಪ್ಪಿತೆಂದು ನಾನು ಸಂತೋಷಪಟ್ಟೆ! ಎರಡು ತಿಂಗಳಿಗೊಮ್ಮೆ ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿ ಬಂಗಾರಪೇಟೆಯ ಗಡಿಯಾರ ರಿಪೇರಿಯವನ ಹತ್ತಿರ ಹೋಗುತ್ತಿದ್ದರು. ಎಣ್ಣೆ ಹಾಕಿಸಬೇಕಂತೆ. “ಅಲ್ಯಾವಳೋ ಇರ್ಬೇಕು ಕಣಮ್ಮಣ್ಣಿ, ನನ್ ಮಂಚಾನೇ ಒತ್ಕೊಂಡೋಗ್ತವ್ರೆ” ಎಂದು ಅತ್ತೆ ಅವರಿಗೆ ಕೇಳುವಂತೆ ಹೇಳುತ್ತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ಬದಲಾದದ್ದು ಇನ್ನೊಂದು, ಅವರ ವರದಿ. ಚುಟುಕಾಗಿದ್ದದ್ದು ಈಗ ಹರಿಕಥೆಯಷ್ಟು ಬೆಳೆಯಿತು. “ಇವತ್ತು ದಿಬ್ಬಣ ಒರಟೈತೆ ಕಣೇ. ಮುಂದೆ ಗಂಟೆಗೋಳು, ಒಂದೊಂದಕ್ಕೂ ನೂಲು ಕಟ್ಟೈತೆ. ಇಂದ್ಗಡೆ ಚಪ್ಪಲಿಗೋಳು ಬತ್ತಾ ಅವೆ. ಮದ್ಲಿಂಗ ಅಸ್ರು ಬಣ್ಣ.” ಅಡುಗೆಮನೆಯಲ್ಲಿ ನಾನು ಸೌಟು ಹಿಡಿದು ಕೇಳುತ್ತಾ ನಿಂತುಬಿಡುತ್ತಿದ್ದೆ. ಮೊದಲು ಎರಡೇ ಚಪ್ಪಲಿ ಕಾಣುತ್ತಿದ್ದ ಯಂತ್ರದಲ್ಲಿ ಈಗ ಮದುವೆಯೇ ಕಾಣುತ್ತಿದೆಯೆಂದರೆ ಎಲ್ಲ ನನ್ನ ಹುಣಸೆಹಣ್ಣಿನ ಮಹಿಮೆ!

ಹೀಗೆ ಏಳು ವರ್ಷ. ಒಂದು ಭಾನುವಾರವೂ ತಪ್ಪಲಿಲ್ಲ. ಆಮೇಲೊಂದು ಬುಧವಾರ ಲ್ಯಾಂಪ್ ರೂಮಿನಿಂದ ಎದೆನೋವೆಂದು ಬಂದವರು ಗುರುವಾರ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದು, ನೆಂಟರು ಹೊರಟ ಮೇಲಿನ ಭಾನುವಾರ. ಬೆಳಿಗ್ಗೆ ಜಗಲಿ ಗುಡಿಸುತ್ತಿದ್ದವಳಿಗೆ ಅದು ಬರಿದಾಗಿರುವುದು ನೋಡಲಾಗಲಿಲ್ಲ. ಪೆಟ್ಟಿಗೆ ತಂದಿಟ್ಟೆ. ಅವರು ಮಾಡುತ್ತಿದ್ದಂತೆಯೇ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದೆ, ಹುಲ್ಲಿನ ನೀರಿನ ಹನಿಯಿಟ್ಟು ಕೊಳವೆಯನ್ನು ಪಕ್ಕದಿಂದ ನೋಡುತ್ತಾ ಪೂರ್ತಿ ಇಳಿಸಿದೆ, ಕಣ್ಣು ಹಚ್ಚಿ ಮೆಲ್ಲಗೆ ಮೇಲೆತ್ತಿದೆ. ಜೀವನದಲ್ಲಿ ಮೊದಲ ಸಲ.

ಕಂದು ಮಬ್ಬು. ಇನ್ನಷ್ಟು ಎತ್ತಿದೆ. ಮಬ್ಬು. ಇನ್ನೊಂದು ಗಾಜು ತಿರುಗಿಸಿದೆ. ಮಬ್ಬಿನ ಮೇಲೆ ಗೀರುಗಳು, ಸುತ್ತಿ ಸುತ್ತಿ ಹಾಕಿದ ಗೀರುಗಳು. ಹೆಬ್ಬೆರಳಿನಲ್ಲಿ ಗರಗರ ತಿಕ್ಕಿದರೆ ಬೀಳುವಂಥವು.

ಪೆಟ್ಟಿಗೆಯ ಪುಟ್ಟ ಖಾನೆಯಲ್ಲಿ ಊದಾ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದೆ. ಅಂಚು ಉಜ್ಜಿ ಸಣ್ಣದು ಮಾಡಿದ ಕನ್ನಡಕದ ಚೂರುಗಳು, ಹಳೆಯ ಕ್ಯಾಮೆರಾದ ಗಾಜು, ಗಡಿಯಾರದವನ ಭೂತಗನ್ನಡಿಯ ಮಸೂರ. ಏಳು ವರ್ಷ ಒಂದೊಂದನ್ನೂ ಕೂರಿಸಿ ನೋಡಿದ್ದಾರೆ, ಯಾವುದೂ ಕೂತಿಲ್ಲ. ಬಂಗಾರಪೇಟೆಯಲ್ಲಿ ಎಣ್ಣೆ ಹಾಕಿಸಿದ್ದು ಇದಕ್ಕೆ. ಯಾರಿಗೂ ತೋರಿಸದೆ ಜಿಪುಣರಾದದ್ದು ಇದಕ್ಕೆ. ಅಯ್ಯೋ, ಕರೆದಾಗ ಒಂದೇ ಒಂದು ಭಾನುವಾರ ಹೋಗಿ ನೋಡಿದ್ದರೆ ಆ ಗಾಜು ಏನೆಂದು ನನಗೆ ತಿಳಿಯುತ್ತಿತ್ತು, ತಿಕ್ಕುತ್ತಿರಲಿಲ್ಲ. ಹುಣಸೆಹಣ್ಣು ಕಿವುಚಿ ವರ್ಷವರ್ಷವೂ ಅವರೆದುರು ನಿಂತೆನಲ್ಲ! ಇವತ್ತಿಗೂ ಅದು ನೆನಪಾದರೆ ಮುಖ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ.

ಅತ್ತೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಂತ್ರದ ತಿರುಪು ತಿರುಗುವ ಸದ್ದು ಕೇಳಿಸಿರಬೇಕು.

“ನನ್ ಮಂಚದಾಗೆ ಏನ್ ಕಾಣ್ತೈತೆ ಅಮ್ಮಣ್ಣಿ?” ಎಂದರು. “ಅವ್ರು ಕರ್ದಾಗ ನಾನೂ ನೋಡ್ಲಿಲ್ಲ, ಬಿಗುಮಾನ. ಈಗ ಕಣ್ಣಿಲ್ಲ. ನೀನೇ ನೋಡಿ ಏಳು.”

ನಾನು ತಲೆಯೆತ್ತಲಿಲ್ಲ. ಎಡಗಣ್ಣು ಮುಚ್ಚಿಕೊಂಡೆ.

“ಮಾವ ಏಳ್ದಂಗೇ ಐತೆ ಅತ್ತೆ. ದಿಬ್ಬಣ ಒರಟೈತೆ. ಮುಂದೆ ಗಂಟೆಗೋಳು, ಒಂದೊಂದಕ್ಕೂ ನೂಲು ಕಟ್ಟೈತೆ.”

ಅತ್ತೆ ಮಾವನವರು ಕೂರುತ್ತಿದ್ದ ಜಾಗವನ್ನು ಕೈಯಿಂದ ಸವರಿ ನೋಡಿ, ಅಲ್ಲೇ ನನ್ನ ಪಕ್ಕದಲ್ಲಿ ಕೂತರು.

“ಮದ್ಲಿಂಗ?” ಎಂದರು.

“ಅವ್ನೂ ಬತ್ತಾವ್ನೆ” ಎಂದೆ, ಕೊಳವೆಯನ್ನು ಒಂದಿಷ್ಟು ಮೇಲೆತ್ತಿ.