ಪೂರ್ವಾನುಮತಿ ಇಲ್ಲದೆ ಮಾತಾಡಿದ ಕೇಶವಮೂರ್ತಿ

ಛತ್ರಪತಿ ಸಂಭಾಜಿನಗರದ ವಾಗ್ವರ್ಧಿನಿ ವಾಕ್‌ಚಿಕಿತ್ಸಾ ಮಹಾವಿದ್ಯಾಲಯದಲ್ಲಿ ಈವರೆಗೆ ಯಾವ ರೋಗಿಯೂ ವಿದ್ಯಾರ್ಥಿಯ ಪರೀಕ್ಷೆಗೆ ಮುನ್ನ ಗುಣವಾದ ದಾಖಲೆಯಿಲ್ಲ. ಈ ಕೀರ್ತಿಗೆ ಮಸಿ ಬಳಿದವಳು ಸ್ನಾತಕೋತ್ತರ ಕೊನೆಯ ವರ್ಷದ ಮೃದುಲಾ. ಹುಡುಗಿ ಒಳ್ಳೆಯವಳು, ಧಾರವಾಡ ಕಡೆಯ ಬ್ಯಾಂಕಿನವರ ಮಗಳು, ಬೇಕೆಂದು ಮಾಡಿದ್ದಲ್ಲ.

ಮಹಾವಿದ್ಯಾಲಯದ ನಾಸಿಕ ಕೇಂದ್ರದಲ್ಲಿ ಪರೀಕ್ಷೆಗೆಂದು ಅವಳ ಹೆಸರಿಗೆ ಒಬ್ಬ ರೋಗಿಯನ್ನು ನೋಂದಾಯಿಸಿದ್ದರು. ಕೇಶವಮೂರ್ತಿ, ಬಾಗಲಕೋಟೆಯವರು, ನಾಸಿಕದ ಸಾತಪುರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಲಕ್ವಾ ಹೊಡೆದು ಮಾತು ನಿಂತಿತ್ತು. ಮಷೀನುಗಳ ಗದ್ದಲದ ಮೇಲೆ ಕೂಗಿ ಕೆಲಸ ಮಾಡಿಸಿದ ಮನುಷ್ಯ ಈಗ ನೀರಿಗೂ ಬೆರಳು ತೋರಿಸಬೇಕಿತ್ತು. ಮೃದುಲಾ ಪುಸ್ತಕ ಹೇಳಿದಂತೆ ಅವರನ್ನು ಹಾಡಿಸಿದಳು, ಪುಸ್ತಕ ಹೇಳದಿದ್ದರೂ ಊರ ಕನ್ನಡದಲ್ಲಿ ಜಗಳಕ್ಕೆಳೆದಳು. ಒಂದು ಮುಂಜಾನೆ ಅವರು ಹೆಂಡತಿ ಪ್ರೇಮಾಗೆ, "ಚಹಾಕ್ಕ ಸಕ್ರಿ ಹಾಕಿಲ್ಲಲ್ಲ" ಎಂದರು. ಪ್ರೇಮಾ ಅತ್ತೇಬಿಟ್ಟರು. ಮೃದುಲಾ ಖುಷಿ ತಡೆಯಲಾಗದೆ ವಿಭಾಗದ ಮುಖ್ಯಸ್ಥ ವೈಜನಾಥರಿಗೆ ಫೋನು ಹಚ್ಚಿದಳು.

"ಸರ್, ಕಾಕಾ ಮಾತಾಡಿದ್ರು!"

ವೈಜನಾಥರು ಕೇಳಿದರು: "ಯಾರ್ನ ಕೇಳಿ ಮಾತಾಡ್ಯಾರ?"

ಮರುದಿನವೇ ಸುತ್ತೋಲೆ ಬಂತು. "ಪರೀಕ್ಷೆಗೆ ನೋಂದಾಯಿತನಾದ ರೋಗಿಯು ಪೂರ್ವಾನುಮತಿ ಇಲ್ಲದೆ ಗುಣಮುಖನಾಗತಕ್ಕದ್ದಲ್ಲ. ಗುಣಮುಖನಾದಲ್ಲಿ ಸದರಿ ರೋಗಿಯನ್ನು ರೋಗಿಯಲ್ಲವೆಂದು ಪರಿಗಣಿಸಿ, ಸದರಿ ವಿದ್ಯಾರ್ಥಿಯ ವರ್ಷವನ್ನು ರದ್ದುಪಡಿಸಲಾಗುವುದು." ಮಾತು ಬಂದವರಿಗೆ ಮಾತು ಬರಿಸುವುದನ್ನು ಪರೀಕ್ಷಕರ ಮುಂದೆ ತೋರಿಸಲಾಗದು, ತೋರಿಸದಿದ್ದರೆ ವಿದ್ಯಾರ್ಥಿನಿ ವೃತ್ತಿಗೆ ಸಿದ್ಧಳೆಂದು ಹೇಳಲಾಗದು. ತರ್ಕದಲ್ಲಿ ಎಲ್ಲಿಯೂ ತೂತಿಲ್ಲ.

ಮೃದುಲಾ ಅಳುಮೋರೆ ಹಾಕಿಕೊಂಡು ಕೇಶವಮೂರ್ತಿಯವರ ಎದುರು ಕೂತಳು. ಪಾಸಾದರೆ ಇದೇ ನಾಸಿಕ ಕೇಂದ್ರದಲ್ಲಿ ನೌಕರಿ ಗಟ್ಟಿ. ವರ್ಷ ಹೋದರೆ ಅದೂ ಹೋದಂತೆಯೇ.

"ಇಷ್ಟ ಏನವಾ?" ಎಂದರು ಅವರು. "ಪರೀಕ್ಷಾ ಮುಗಿಯೂತನಕ ಬಾಯಿ ಮುಚಗೊಂಡ ಕೂಡ್ತೀನಿ. ನಿನ್ನ ವರ್ಷ ಹಾಳ ಮಾಡಿ ನಾ ಏನ್ ಭಾಷಣಾ ಮಾಡೂದದ?"

"ಬಂದದ್ದು ಹೊಳ್ಳಿ ಹೋದ್ರ?" ಎಂದರು ಪ್ರೇಮಾ.

ಪರೀಕ್ಷೆಗೆ ಹೋಗುವ ಬಸ್ಸಿನಲ್ಲಿ ನಾಸಿಕದಿಂದ ಸಂಭಾಜಿನಗರದವರೆಗೆ ಕೇಶವಮೂರ್ತಿ ಮಾತು ನಿಲ್ಲಿಸಲಿಲ್ಲ, ಉಪವಾಸದ ಹಿಂದಿನ ದಿನ ಹೊಟ್ಟೆ ಬಿರಿಯೆ ಉಣ್ಣುವವರ ಹಾಗೆ. ಮಹಾವಿದ್ಯಾಲಯದ ಗೇಟು ಬಂತು, ಗಪ್ಪಾದರು.

ಹೊರಗಿನಿಂದ ಬಂದ ಪರೀಕ್ಷಕಿ ಮರಾಠಿಯಲ್ಲಿ ಹೆಸರು ಕೇಳಿದರು. ಉತ್ತರವಿಲ್ಲ. ಊರು ಕೇಳಿದರು. ಅದಕ್ಕೂ ಇಲ್ಲ. ಆಕಳ ಚಿತ್ರ ಹಿಡಿದು ಇದೇನು ಎಂದರು. ಕೇಶವಮೂರ್ತಿ ಜನ್ಮದಲ್ಲೇ ಆಕಳು ಕಾಣದವರಂತೆ ಅದನ್ನು ನೋಡಿದರು.

"ನಿಮ್ಮ ಚಿಕಿತ್ಸೆಯಿಂದ ಏನಾದರೂ ಸುಧಾರಣೆ?"

"ಇಲ್ಲ ಮೇಡಂ," ಎಂದಳು ಮೃದುಲಾ. ಅಷ್ಟು ದೊಡ್ಡ ಸುಳ್ಳನ್ನು ಅವಳು ಹುಟ್ಟಿದ ಮೇಲೆ ಹೇಳಿರಲಿಲ್ಲ.

"ಶಾಬಾಸ್! ರೋಗಿಯನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬರುವವರು ಈಗ ಯಾರಿದ್ದಾರೆ? ನೀವು ವೃತ್ತಿಗೆ ಪೂರ್ಣ ಸಿದ್ಧರಾಗಿದ್ದೀರಿ."

ಮೃದುಲಾ ಎಲ್ಲರಿಗಿಂತ ಮೊದಲಿಗಳಾಗಿ ಪಾಸಾಗಿ ನಾಸಿಕ ಕೇಂದ್ರದ ಮುಖ್ಯ ಚಿಕಿತ್ಸಕಿಯಾದಳು. ಅಷ್ಟರಲ್ಲಿ ಎರಡನೇ ಸುತ್ತೋಲೆ ಸಿದ್ಧವಾಗಿತ್ತು. ಇಂತಹ ನಂಬಿಗಸ್ತ ರೋಗಿಯನ್ನು ಕೈಬಿಡುವುದು ಸಂಸ್ಥೆಗೆ ತುಂಬಲಾರದ ನಷ್ಟವಾದ್ದರಿಂದ, ಕೇಶವಮೂರ್ತಿಯವರನ್ನು ಮುಂದಿನ ವರ್ಷದ ವಿದ್ಯಾರ್ಥಿ ನಿಖಿಲನ ಹೆಸರಿಗೆ ವರ್ಗಾಯಿಸಲಾಗಿದೆ. ಅಭ್ಯಾಸ ತಪ್ಪದಿರಲೆಂದು ಅವರು ಮನೆಯಲ್ಲಿಯೂ ಮೌನ ಪಾಲಿಸತಕ್ಕದ್ದು. ಹುಡುಗಿಗೆ ಮಾಡಿದ್ದನ್ನು ಹುಡುಗನಿಗೆ ಮಾಡದಿದ್ದರೆ ಭೇದ ಮಾಡಿದಂತಾಗುತ್ತದೆಂದು ದೊಡ್ಡ ಮನುಷ್ಯ ಕೇಶವಮೂರ್ತಿ ಒಪ್ಪಿದರು. ಸುತ್ತೋಲೆಗೆ ಸಹಿ ಹಾಕುವುದು ಮುಖ್ಯ ಚಿಕಿತ್ಸಕಿಯ ಮೊದಲ ಕೆಲಸ. ಹಾಕಿದಳು.

ದೀಪಾವಳಿ ಮುಗಿದ ಮೇಲೆ ಪ್ರೇಮಾ ಒಬ್ಬರೇ ಕೇಂದ್ರಕ್ಕೆ ಬಂದರು.

"ಹಬ್ಬದ ದಿನಾ ಆದ್ರೂ ಒಂದ ಮಾತ ಆಡ್ರಿ ಅಂದೆ. ಬಾಯಿ ತೆಗದ್ರವಾ. ಬರಲಿಲ್ಲ. ಖರೇನ ಬರಲಿಲ್ಲ. ಕಣ್ಣಾಗ ನೀರ ಬಂತು, ಅಷ್ಟ."

ಮೃದುಲಾ ಎದ್ದು ನಿಂತಳು. ಈಗಲೇ ಹೋಗಿ ಎದುರು ಕೂತು ಹಾಡಿಸಿದರೆ, ರೇಗಿಸಿದರೆ, ಮಾತು ಮತ್ತೆ ಬಂದೀತೆಂದು ಅವಳಿಗೆ ಗೊತ್ತಿತ್ತು. ತಡವಾದರೆ ಬರಲಿಕ್ಕಿಲ್ಲವೆಂದೂ ಗೊತ್ತಿತ್ತು. ಆಮೇಲೆ ತನ್ನ ಸಹಿ ನೆನಪಾಗಿ ಕೂತಳು.

"ಕಾಕೂ, ಕಾಕಾ ಈಗ ನಿಖಿಲನ ಹೆಸರಿನ್ಯಾಗ ಅದಾರ್ರಿ. ನಾ ಮುಟ್ಟೂಹಂಗಿಲ್ಲ. ಪರೀಕ್ಷಾ ಆಗೂತನಕ ತಡೀರಿ."

ಪ್ರೇಮಾ ಸೆರಗಿನಿಂದ ಕಣ್ಣೊರೆಸಿಕೊಂಡು, ಪರೀಕ್ಷೆ ಯಾವಾಗ ಎಂದು ಕೇಳಿದರು. ಬೇಸಿಗೆಗೆ ಎಂದಳು.

"ಆತು ತಗೋ. ಹುಡುಗ ಚಲೋತ್ನಾಗ ಪಾಸಾಗ್ಲಿ," ಎಂದು ಪ್ರೇಮಾ ಮನೆಗೆ ಹೋದರು.

ಸಂಗತಿ ತಿಳಿದ ವೈಜನಾಥರು ಫೋನು ಮಾಡಿ ಮೃದುಲಾಳನ್ನು ಅಭಿನಂದಿಸಿದರು. ಈ ಸಲ ಪರೀಕ್ಷಕರ ಮುಂದೆ ಯಾರೂ ಸುಳ್ಳು ಹೇಳುವ ಪ್ರಸಂಗವೇ ಇಲ್ಲ, ಸಂಸ್ಥೆಯ ಪ್ರಾಮಾಣಿಕತೆ ಇಷ್ಟು ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ ಎಂದರು.

"ಥ್ಯಾಂಕ್ಯೂ ಸರ್," ಎಂದಳು ಮೃದುಲಾ.