ಡಚ್ಚರಿಗೆ ಕಾಶ್ಯಪ ಗೋತ್ರ

ಡಚ್ಚರಿಗೆ ಎಳ್ಳುನೀರು ಬಿಟ್ಟ ಮಾಧ್ವ ಬ್ರಾಹ್ಮಣ ಭೂಮಂಡಲದಲ್ಲಿ ನನ್ನ ಚಿಕ್ಕಪ್ಪ ಒಬ್ಬರೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಬೇರೆ ಯಾರಾದರೂ ಇದ್ದರೆ ತಿಳಿಸಿ, ಇಬ್ಬರನ್ನೂ ಭೇಟಿ ಮಾಡಿಸೋಣ!

ಚಿಕ್ಕಪ್ಪನ ಮನೆ ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿತ್ತು. ಮದುವೆ ಸೀರೆ ಕೊಳ್ಳಲು ಬಂದ ನೆಂಟರನ್ನು ಅವರು ಕಾಫಿ ಆರುವ ಮೊದಲೇ ಬಸ್ಸಿಗೆ ಹತ್ತಿಸುತ್ತಿದ್ದರು. ಮದರಾಸಿಗೆ ಬಂದವರು ಕಡಲು ನೋಡದೆ ಹೋಗುವುದುಂಟೇ? ಪಾಪ, ನೆಂಟರು ಮರೀನಾ ಎಂದುಕೊಂಡು ಹೊರಡುತ್ತಿದ್ದರು. ಇಳಿಯುತ್ತಿದ್ದುದು ಎರಡು ಗಂಟೆ ದೂರದ ಸದ್ರಾಸಿನಲ್ಲಿ, ಡಚ್ಚರ ಪಾಳುಕೋಟೆಯ ಮುಂದೆ! ನನ್ನ ಹೆಂಡತಿ ಧಾರೆ ಸೀರೆಯ ಮಡಿಕೆ ಮುರಿಯುವ ಮೊದಲೇ ಆ ಇಟ್ಟಿಗೆಯ ಗೋಡೆಗಳನ್ನೂ, ಪುರಾತತ್ವದವರು ಅಗೆದ ಗುಂಡಿಗಳನ್ನೂ ನೋಡಿದಳು. ಅಲ್ಲಿ ಸಿಕ್ಕಿದ ಡಚ್ಚರು ತಂಬಾಕು ಸೇದುತ್ತಿದ್ದ ಮುರುಕು ಕೊಳವೆಗಳ ಬಗ್ಗೆ ಚಿಕ್ಕಪ್ಪ ಅವಳಿಗೆ ಊಟದ ಹೊತ್ತು ಮೀರುವ ತನಕ ವಿವರಿಸಿದರು.

ಕೋಟೆಯೊಳಗೆ ಗೋರಿಗಳಿವೆ. ಉದ್ದನೆಯ ಕಲ್ಲುಗಳ ಮೇಲೆ ಚೆಂದದ ಅಕ್ಷರ. ಚಿಕ್ಕಪ್ಪನಿಗೆ ಡಚ್ ಭಾಷೆ ಬಾರದು, ಆದರೆ ಇಸವಿಗಳನ್ನು ಕಳೆಯಲು ಬರುತ್ತಿತ್ತು. ಹಾಗೆ ಕಳೆದಾಗ ಕೆಲವು ಕಲ್ಲುಗಳ ಕೆಳಗೆ ಮಲಗಿದ್ದು ಹಸುಗೂಸುಗಳು ಎಂದು ತಿಳಿಯಿತು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಮನೆಯ ತರ್ಪಣ ಮುಗಿಸಿ, ಎಳ್ಳಿನ ಪೊಟ್ಟಣ, ದರ್ಭೆ, ನೀರಿನ ಬಾಟಲಿ ಹಿಡಿದು ಅವರು ಸದ್ರಾಸಿಗೆ ಹೊರಡತೊಡಗಿದರು.

ಪುರೋಹಿತರು ಹೌಹಾರಿದರು. ಮ್ಲೇಚ್ಛರಿಗೆ ಯಾವ ಗೋತ್ರ ಹೇಳುತ್ತೀರಿ ಎಂದು ಕೇಳಿದರು.

"ಗೋತ್ರ ತಿಳೀದವರಿಗೆ ಕಾಶ್ಯಪ ಅಂತ ನೀವೇ ಹೇಳ್ಕೊಟ್ಟಿದ್ದು ತಾನೆ?" ಎಂದರು ಚಿಕ್ಕಪ್ಪ. "ಇವರನ್ನ ಎಬ್ಬಿಸಿ ಕೇಳಕ್ಕಾಗತ್ತಾ?"

ಪುರೋಹಿತರದ್ದೇ ಕಾಶ್ಯಪ ಗೋತ್ರ! ಇದ್ದಕ್ಕಿದ್ದಂತೆ ಇಷ್ಟು ಮಂದಿ ಡಚ್ಚರು ದಾಯಾದಿಗಳಾದ ಆಘಾತಕ್ಕೆ ಅವರು ಛತ್ರಿಯನ್ನು ಬಿಟ್ಟೇ ಹೊರಟುಹೋದರು.

ಚಿಕ್ಕಮ್ಮ ಮಾತ್ರ ಬಗ್ಗುವವರಲ್ಲ. ಸ್ಮಶಾನಕ್ಕೆ ಹೋಗಿಬಂದವರು ಹೊರಗೇ ಸ್ನಾನ ಮಾಡಬೇಕು. ಹಿತ್ತಲಿಲ್ಲದ ಮನೆಯಾದ್ದರಿಂದ ಚಿಕ್ಕಪ್ಪ ಗಲ್ಲಿಯ ಕೈಪಂಪಿನ ಕೆಳಗೆ ಪಂಚೆ ಸಮೇತ ಕೂರುತ್ತಿದ್ದರು. ಕೊಡ ಹಿಡಿದು ಸಾಲುನಿಂತ ಹೆಂಗಸರಿಗೆಲ್ಲ, ಸಾಮಿ ಇವತ್ತು ಡಚ್ಚರ ಮನೆಗೆ ಹೋಗಿದ್ದರು ಎಂದು ಗೊತ್ತಾಗುತ್ತಿತ್ತು.

ಅವರಿಗೆ ಒಬ್ಬನೇ ಮಗ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವವನು, ಸದಾ ಬಾಯಾರಿದವನು. ಕೋಟೆಗೆ ಜೊತೆಯಲ್ಲಿ ಹೋದರೆ ತರ್ಪಣದ ಬಾಟಲಿಯನ್ನೇ ಎತ್ತಿ ಗಟಗಟ ಕುಡಿದು, ಅವರಿಗೆಲ್ಲ ಎಳ್ಳು ಸೇರುತ್ತದೆಯೇ, ಬ್ರೆಡ್ಡು ತರಬಾರದಿತ್ತೇ ಎಂದು ತಮಿಳಿನಲ್ಲಿ ಕೇಳುತ್ತಿದ್ದ.

"ಡಚ್ಚರಿಗೂ ಒಂದು ಗುಟುಕು ಉಳಿಸೋ" ಎನ್ನುತ್ತಿದ್ದರು ಚಿಕ್ಕಪ್ಪ. "ಎಷ್ಟೋ ದೂರದಿಂದ ಬಂದು ಸತ್ತಿದಾರೆ. ಊರಲ್ಲಿ ಕಾಯ್ತಾ ಕೂತ ತಾಯಂದಿರಿಗೆ ಸುದ್ದಿ ಯಾವಾಗ ಹೋಯ್ತೋ ಏನೋ."

ಎರಡು ಸಾವಿರದ ನಾಲ್ಕರ ಡಿಸೆಂಬರ್. ಆಗ ಮಗನಿಗೆ ಪೆರುಂಗುಡಿಯಲ್ಲಿ ಕೆಲಸ. ಆ ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಕಡಲ ದಂಡೆಗೆ ಕ್ರಿಕೆಟ್ ಆಡಲು ಹೋದ. ಕಡಲು ಊರೊಳಗೆ ಬಂತು. ಗೆಳೆಯರು ಸಿಕ್ಕಿದರು, ಇವನು ಸಿಗಲಿಲ್ಲ.

ಚಿಕ್ಕಪ್ಪನೂ ನಾನೂ ಆಸ್ಪತ್ರೆಗಳನ್ನೆಲ್ಲ ಸುತ್ತಿದೆವು. ಮುಸುಕು ಸರಿಸಿ ತೋರಿಸಿದ ಪ್ರತಿಯೊಂದು ಮುಖವನ್ನೂ ಅವರು ಬಗ್ಗಿ ನೋಡಿದರು, ಅಲ್ಲ ಎಂದು ತಲೆಯಾಡಿಸಿದರು.

ಕಂಡಕಂಡವರಿಗೆಲ್ಲ ಎಳ್ಳುನೀರು ಬಿಟ್ಟ ಮನುಷ್ಯ ಮಗನಿಗೆ ಬಿಡಲು ಒಪ್ಪಲಿಲ್ಲ. ಶರೀರ ಸಿಕ್ಕಿಲ್ಲ, ಆದ್ದರಿಂದ ಎಲ್ಲೋ ಇದ್ದಾನೆ ಎಂದರು. ಪುರೋಹಿತರನ್ನು ಬಾಗಿಲಿನಿಂದಲೇ ಕಳಿಸಿದರು. ಕೋಟೆಗೆ ಹೋಗುವುದೂ ನಿಂತಿತು. ಬ್ಯಾಟರಿ ಸಾಯಬಾರದೆಂದು ದಿನಾ ಬೆಳಿಗ್ಗೆ ಮಗನ ಸ್ಕೂಟರನ್ನು ಸ್ಟಾರ್ಟ್ ಮಾಡಿ, ಎಂಜಿನ್ ಓಡುವಷ್ಟು ಹೊತ್ತೂ ಪಕ್ಕದಲ್ಲಿ ನಿಂತಿರುತ್ತಿದ್ದರು. ನಗಲು ಎಷ್ಟೊಂದು ಕಾರಣ ಕೊಟ್ಟ ಮನುಷ್ಯ! ಈಗ ಆ ಗಲ್ಲಿಯಲ್ಲಿ ಯಾರೂ ನಗುತ್ತಿರಲಿಲ್ಲ.

"ಅವನು ಬರ್ತಾನೆ ಅಂತ ನಂಗೆ ಆಸೆ ಇಲ್ಲಪ್ಪಾ" ಎಂದರು ಚಿಕ್ಕಮ್ಮ ಒಮ್ಮೆ ನನ್ನ ಬಳಿ. "ಹಸಕೊಂಡು ಎಲ್ಲಾದ್ರೂ ಅಲೀತಿರ್ತಾನೇನೋ ಅಂತ ಭಯ. ನೀನಾದ್ರೂ ನಿಮ್ಮ ಚಿಕ್ಕಪ್ಪಂಗೆ ಹೇಳು."

ಏನೆಂದು ಹೇಳಲಿ?

ಎರಡು ವರ್ಷದ ಮೇಲೆ, ಮಹಾಲಯ ಅಮಾವಾಸ್ಯೆಯ ದಿನ, ಚಿಕ್ಕಪ್ಪ ಅಣ್ಣಾ ನಗರದ ನನ್ನ ಮನೆಗೆ ಫೋನು ಮಾಡಿ ಕಾರು ತರಲು ಹೇಳಿದರು. ಕೋಟೆಗೆ ಹೋಗಬೇಕಂತೆ. ಸ್ಮಶಾನವೆಂದರೆ ಮೂಗು ಮುರಿಯುತ್ತಿದ್ದ ಚಿಕ್ಕಮ್ಮ ತಾವೇ ಬಂದು ಹಿಂದಿನ ಸೀಟಿನಲ್ಲಿ ಕೂತರು, ಮಡಿಲಲ್ಲಿ ನೀರಿನ ಬಾಟಲಿ.

ಕಾವಲುಗಾರ ಗೋರಿಗಳ ಗೇಟು ತೆಗೆದ. ಚಿಕ್ಕಪ್ಪ ಬೆರಳಿಗೆ ದರ್ಭೆಯ ಪವಿತ್ರ ತೊಟ್ಟು ಕೂತರು. ಚಿಕ್ಕಮ್ಮ ನೀರು ಹಾಕುತ್ತಿದ್ದರು. ಒಂದೊಂದು ಕಲ್ಲಿಗೂ ಕಾಶ್ಯಪ ಗೋತ್ರ, ಬಾಯಿಗೆ ಬಂದಂತೆ ಓದಿದ ಒಂದು ಹೆಸರು, ಹೆಬ್ಬೆರಳ ಪಕ್ಕದಿಂದ ಇಳಿವ ನೀರು. ಮಕ್ಕಳ ಕಲ್ಲುಗಳೂ ಮುಗಿದವು. ನಾನು ಕಾರಿನ ಕೀಲಿ ತೆಗೆದೆ.

ಚಿಕ್ಕಪ್ಪ ಏಳಲಿಲ್ಲ. ಎದುರಿಗೆ ಕಲ್ಲಿಲ್ಲದ ಬರಿಯ ನೆಲ. ಪೊಟ್ಟಣದಿಂದ ಮತ್ತೊಮ್ಮೆ ಎಳ್ಳು ತೆಗೆದುಕೊಂಡರು.

"ಭಾರದ್ವಾಜ ಗೋತ್ರ" ಎಂದರು.

ಅದು ನಮ್ಮ ಗೋತ್ರ. ಅದರ ಹಿಂದೆಯೇ ಮಗನ ಹೆಸರು. ಚಿಕ್ಕಮ್ಮ ಬಾಟಲಿ ಬಗ್ಗಿಸಿದರು. ಮಂತ್ರ ಹೇಳಿದಷ್ಟು ಸಲವೂ ನೀರು ಬಿಟ್ಟಾಯಿತು. ಆದರೂ ಚಿಕ್ಕಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಇನ್ನೂ ಸ್ವಲ್ಪ ಹಾಕೇ" ಎಂದರು. "ಅವನಿಗೆ ಬಾಯಾರಿಕೆ ಜಾಸ್ತಿ."